ಸ್ವಂತದ್ದೊಂದು ವಾಕ್ಯ

ಫೆಬ್ರವರಿ 6, ಮಂಗಳವಾರ

ಇವತ್ತಿನಿಂದ ಇಂಗ್ಲಿಷ್. ಬರುವುದೇ ಇಲ್ಲವೆಂದಲ್ಲ. ಕ್ಲಚ್ಚು, ಬ್ರೇಕು, ಸ್ಲೋ, ಮಿರರ್ ನೋಡಮ್ಮಾ ಮಿರರ್ ಎನ್ನುತ್ತಲೇ ಈ ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದವಳು ನಾನು. ಲೈಸೆನ್ಸ್ ಆಫೀಸಿನಲ್ಲಿ ಜಗಳವಾಡುವಷ್ಟು ಇಂಗ್ಲಿಷೂ ಇದೆ. ಈಗ ಕಲಿಯಹೊರಟಿರುವುದು ಅದಲ್ಲ. ದೊಡ್ಡ ಪದಗಳ ಇಂಗ್ಲಿಷು. ಓದಿದವರು ನಾಲ್ಕು ಜನ ಕೂತಾಗ ನಮ್ಮ ತಲೆಯ ಮೇಲಿಂದ ಹಾರಿಹೋಗುತ್ತದಲ್ಲ, ಅದು.

ಪುಸ್ತಕ ಕೊಟ್ಟವರು ಟೀಚರಮ್ಮ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ನಿವೃತ್ತರಾದ ಮೇಲೆ ಕಾರು ಕಲಿಯಲು ನನ್ನ ಬಳಿ ಬಂದವರು. ಪುಸ್ತಕದ ತುಂಬ ಕಷ್ಟದ ಪದಗಳು. ಪದ, ಅದರ ಅರ್ಥ, ಅದನ್ನು ಬಳಸಿದ ಒಂದು ವಾಕ್ಯ, ಅಷ್ಟೇ.

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಮೇಡಂ?" ಎಂದು ಕೇಳಿದರು.

"ನೀವು ಈ ವಯಸ್ಸಲ್ಲಿ ರಿವರ್ಸ್ ಯಾಕೆ ಕಲೀತಿದ್ದೀರಿ?" ಎಂದೆ.

ಯಾಕೆಂದು ಅವರಿಗೆ ಹೇಳಲಿಲ್ಲ, ಇಲ್ಲಿ ಬರೆದರೆ ನಷ್ಟವಿಲ್ಲ. ಸೊಸೆ ಸಂಜೆ ಹೊತ್ತು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಮೊದಲು ಅಪರೂಪಕ್ಕೆ, ಈಗ ದಿನ ಬಿಟ್ಟು ದಿನ. ಕೇಳಿದರೆ ಆಫೀಸಿನದು ಎನ್ನುತ್ತಾಳೆ. ಅವಳಿರುವುದು ಊರಿನ ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ನೀರಿನ ವಿಷಯವನ್ನು ಅಷ್ಟು ಮೆತ್ತಗೆ ಮಾತಾಡುವಂಥದ್ದೇನಿದೆ?

ಮನೆಯಲ್ಲಿ ಈಗ ನಾವಿಬ್ಬರೇ. ಮಗ ಹೋಗಿ ವರ್ಷದ ಮೇಲಾಯಿತು. ಮೂವತ್ತಮೂರು ಹೋಗುವ ವಯಸ್ಸಲ್ಲ. ಆ ವಿಷಯ ಇಲ್ಲಿ ಬೇಡ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರಿಗೆ ಅರ್ಥವಾಗದ ಮಾತು ನಡೆಯಬಾರದು, ನಾನು ಹೇಳುವುದು ಇಷ್ಟೇ. ಹಿಡಿದ ಕೆಲಸವನ್ನು ನಾನು ಬಿಟ್ಟದ್ದಿಲ್ಲ. ಇಂಗ್ಲಿಷು ಯಾವ ಲೆಕ್ಕ!

ಫೆಬ್ರವರಿ 9, ಶುಕ್ರವಾರ

ಬಾಲ್ಕನಿಯಿಂದ ಹಿಡಿದ ಮೊದಲ ಪದ: ರಿಲಕ್ಟಂಟ್. ಅರ್ಥ: ಮಾಡಲು ಮನಸ್ಸಿಲ್ಲದೆ ಹಿಂದೆಮುಂದೆ ನೋಡುವ. ಪುಸ್ತಕದ ವಾಕ್ಯದಲ್ಲಿ ಯಾವನೋ ರಾಜಕುಮಾರ ಯುದ್ಧಕ್ಕೆ ಹೋಗಲು ರಿಲಕ್ಟಂಟ್ ಆಗಿದ್ದಾನೆ. ಈ ಪುಸ್ತಕದಲ್ಲಿ ರಾಜರು, ನ್ಯಾಯಾಧೀಶರು, ಬೆಟ್ಟ ಹತ್ತುವವರು ಬಿಟ್ಟರೆ ಜನವೇ ಇಲ್ಲ. ಪಾತ್ರೆ ತೊಳೆಯುವವಳು ಒಬ್ಬಳಾದರೂ ಬೇಡವೇ?

ಉರು ಹೊಡೆದು ಟೀಚರಮ್ಮನಿಗೆ ಒಪ್ಪಿಸಿದೆ. ಅವರು ಕಳ್ಳನ ಜುಟ್ಟು ಹಿಡಿದಂತೆ ಸ್ಟೀರಿಂಗ್ ಹಿಡಿದು, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಪುಸ್ತಕದ ವಾಕ್ಯ ಒಪ್ಪಿಸಿದ್ರೆ ಪದ ಬರಲ್ಲ ಮೇಡಂ. ನಿಮ್ಮದೇ ಸ್ವಂತದ್ದೊಂದು ವಾಕ್ಯ ಮಾಡಿ. ಅದು ನಿಜ ಇರ್ಬೇಕು. ಸುಳ್ಳು ವಾಕ್ಯದಲ್ಲಿ ಕಲಿತ ಪದ ನಾಳೆಗೆ ಮರೆತುಹೋಗುತ್ತೆ."

"ಸರಿ. ಟೀಚರಮ್ಮ ಸರ್ಕಲ್ ಸುತ್ತೋಕೆ ರಿಲಕ್ಟಂಟ್ ಆಗಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ವ್ಯಾಕರಣ ಸರಿಯಿದೆ," ಎಂದರು. ಮುಖ ಇಷ್ಟೇ ಇಷ್ಟಾಗಿತ್ತು. ಆದರೆ ಹಟಕ್ಕೆ ಸರ್ಕಲ್ ಸುತ್ತಿದರು. ಹೊರಗೆ ಬರುವ ದಾರಿ ಸಿಗದೆ ಇನ್ನೊಂದು ಸುತ್ತು ಹಾಕಿದ್ದು ಬೇರೆ ಮಾತು.

ವಾಕ್ಯಗಳನ್ನು ಇಂಗ್ಲಿಷಿನಲ್ಲೇ ಮಾಡುತ್ತಿದ್ದೇನೆ. ಇಲ್ಲಿ ನಮ್ಮ ಮಾತಿನಲ್ಲಿ ಬರೆದುಕೊಳ್ಳುತ್ತೇನೆ, ಯಾಕೆಂದರೆ ನನ್ನ ಸ್ಪೆಲ್ಲಿಂಗ್ ನನಗೇ ಓದಲು ಬರುವುದಿಲ್ಲ.

ಸೊಸೆ ಯಾವುದಕ್ಕೆ ರಿಲಕ್ಟಂಟ್ ಎಂಬುದು ಗೊತ್ತಾಗಲಿಲ್ಲ. ಆಗಲೇ ಕುಕ್ಕರ್ ಕೂಗಿತು.

ಫೆಬ್ರವರಿ 14, ಬುಧವಾರ

ಈವ್ಸ್‌ಡ್ರಾಪ್: ಮರೆಯಲ್ಲಿ ನಿಂತು ಇನ್ನೊಬ್ಬರ ಮಾತು ಕದ್ದು ಕೇಳುವುದು. ಪುಸ್ತಕದ ವಾಕ್ಯ: 'ಸಭ್ಯರು ಎಂದೂ ಹಾಗೆ ಮಾಡುವುದಿಲ್ಲ.'

ಪುಸ್ತಕವೂ ನನಗೆ ಬುದ್ಧಿ ಹೇಳಲು ಶುರುಮಾಡಿತು. ಅಡುಗೆಮನೆ ನನ್ನದು, ಅದರ ಕಿಟಕಿ ಬಾಲ್ಕನಿಗೆ ತೆರೆದಿರುವುದು ಕಟ್ಟಿದವನ ತಪ್ಪು. ನಾನು ಮರೆಯಲ್ಲಿ ನಿಲ್ಲುವುದಿಲ್ಲ, ತರಕಾರಿ ಹೆಚ್ಚುತ್ತಾ ನಿಲ್ಲುತ್ತೇನೆ. ಈ ಪದ ನನಗೆ ಬೇಕಾಗಿಲ್ಲ, ಮುಂದಿನದು.

ಫೆಬ್ರವರಿ 25, ಭಾನುವಾರ

ಇವತ್ತು ಬಾಲ್ಕನಿಯಲ್ಲಿ ಅವಳು ನಕ್ಕಳು. ಮುಗುಳ್ನಗೆಯಲ್ಲ, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವಂಥ ನಗು. ಚಾಕು ಹಿಡಿದ ನನ್ನ ಕೈ ನಿಂತುಬಿಟ್ಟಿತು. ಆ ನಗು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಮಗ ಏನಾದರೂ ಹೇಳಿದರೆ ಹಾಗೆ ನಗುತ್ತಿದ್ದಳು.

ಆ ಕಡೆಯ ದನಿ ಗಂಡಸಿನದು. ಅನುಮಾನವೇ ಇಲ್ಲ.

ಹಿಡಿದ ಪದ: ಆಬ್ಲಿಗೇಷನ್. ಮಾಡಲೇಬೇಕಾದದ್ದು, ತಪ್ಪಿಸಿಕೊಳ್ಳಲಾಗದ ಕರ್ತವ್ಯ. ನ್ಯಾಯಾಧೀಶರದೊಂದು ವಾಕ್ಯವಿದೆ, ಬಿಡಿ. ನನ್ನ ವಾಕ್ಯ: ಸೊಸೆಯನ್ನು ಬೆಳಿಗ್ಗೆ ಲ್ಯಾಬಿಗೆ ಬಿಡುವುದು, ಸಂಜೆ ಕರೆತರುವುದು ನನ್ನ ಆಬ್ಲಿಗೇಷನ್. ಅವಳಿಗೂ ಕಾರು ಓಡಿಸಲು ಬರುತ್ತದೆ, ಕಲಿಸಿದ್ದೇ ನಾನು. ಆದರೂ ಮಗ ಹೋದಾಗಿನಿಂದ ಒಂದು ದಿನವೂ ಒಬ್ಬಳನ್ನೇ ಬಿಟ್ಟಿಲ್ಲ. ರಾತ್ರಿಯೂ ನನ್ನ ಕೋಣೆಯಲ್ಲೇ ಮಲಗುತ್ತಾಳೆ. ಅವರಿಬ್ಬರ ಕೋಣೆಗೆ ಬೀಗ ಹಾಕಿಟ್ಟಿದ್ದೇನೆ. ಧೂಳು ಕೂರಬಾರದಲ್ಲ.

ಹೀಗೆಲ್ಲ ನೋಡಿಕೊಂಡರೂ ಅವಳು ಇಂಗ್ಲಿಷಿನಲ್ಲಿ ನಗುವುದು ಯಾರ ಜೊತೆಗೋ.

ಮಾರ್ಚ್ 11, ಸೋಮವಾರ

ಇದನ್ನು ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ಸಂಜೆ ಫೋನಿನಲ್ಲಿ ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಒಂದು ಪದವೂ ಬಿಟ್ಟುಹೋಗಲಿಲ್ಲ. ಇಷ್ಟು ದಿನದ ಕಲಿಕೆಯ ಫಲ ಇದೇ ಆಯಿತು ನೋಡಿ. ಅವಳೆಂದಳು: ಇಲ್ಲ, ಆಗುವುದಿಲ್ಲ. ನಮ್ಮ ಅತ್ತೆ ನೋಡಲು ಗಟ್ಟಿಗಿತ್ತಿ, ಒಳಗೆ ಫ್ರಜೈಲ್. ಅವರನ್ನು ಬಿಟ್ಟು ನಾನು ಬರಲಾರೆ.

ಫ್ರಜೈಲ್! ಆ ಪದಕ್ಕೆ ಪುಸ್ತಕ ನೋಡಬೇಕಾಗಿಲ್ಲ. ಹೊಸ ಟಿ.ವಿ. ಬಂದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿತ್ತು, ಪಕ್ಕದಲ್ಲಿ ಒಡೆದ ಲೋಟದ ಚಿತ್ರ. ಗಂಡ ಸತ್ತಾಗ ಮಗನಿಗೆ ಏಳು ವರ್ಷ. ತಿಂಗಳೊಳಗೆ ಹಳೆಯ ಕಾರೊಂದನ್ನು ಕೊಂಡು 'ಹೆಂಗಸರಿಗೆ ಮಾತ್ರ' ಎಂದು ಬೋರ್ಡು ಹಾಕಿದವಳು ನಾನು. ನನ್ನ ಪಕ್ಕದ ಸೀಟಿನಲ್ಲಿ ಕೂತು ಜನ ಲಾರಿಗೆ, ಗೋಡೆಗೆ, ಒಮ್ಮೆ ಪೊಲೀಸ್ ಜೀಪಿಗೇ ಗುರಿಯಿಟ್ಟಿದ್ದಾರೆ. ನನ್ನ ರೆಪ್ಪೆ ಅಲುಗಿಲ್ಲ. ನಾನು ಲೋಟವಂತೆ!

ಮಾರ್ಚ್ 12, ಮಂಗಳವಾರ

ಮಾತಾಡಿಸಲಿಲ್ಲ. ಲ್ಯಾಬಿನ ಮುಂದೆ ಇಳಿಯುವಾಗ "ಬರ್ತೀನಿ ಅತ್ತೆ" ಎಂದಳು. "ಹ್ಞೂಂ" ಎಂದೆ.

ಮಾರ್ಚ್ 14, ಗುರುವಾರ

ನಾನು ಮುಖ ದಪ್ಪ ಮಾಡಿಕೊಂಡು ಕೂರುವ ಜಾತಿಯಲ್ಲ. ಬೆಳಿಗ್ಗೆ ಟೀ ಲೋಟ ಅವಳ ಮುಂದಿಟ್ಟು, ಕನ್ನಡಿಯ ಮುಂದೆ ಹೇಳಿ ಅಭ್ಯಾಸ ಮಾಡಿದ್ದ ವಾಕ್ಯವನ್ನು ಇಂಗ್ಲಿಷಿನಲ್ಲೇ ಬಿಟ್ಟೆ: "ನನಗೆ ಏನನ್ನೋ ಹೇಳಲು ನೀನು ರಿಲಕ್ಟಂಟ್ ಆಗಿದ್ದೀಯಾ?"

ಅವಳ ಕೈಯ ಚಮಚ ನೆಲಕ್ಕೆ ಬಿತ್ತು. ನನ್ನನ್ನು ನೋಡಿದಳು, ಅಡುಗೆಮನೆಯ ಕಿಟಕಿ ನೋಡಿದಳು.

"ನಮ್ಮನೆ ಕಿಟಕಿಗೂ ಇಂಗ್ಲಿಷ್ ಬರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಅತ್ತೆ."

"ಬರುತ್ತೆ. ಯಾರವನು?"

ಹೇಳಿದಳು. ಲ್ಯಾಬಿನ ಮೈಕ್ರೋಸ್ಕೋಪು, ತಕ್ಕಡಿ ಇತ್ಯಾದಿ ರಿಪೇರಿ ಮಾಡಲು ಬರುವವನು. ಇರುವುದು ಬೇರೆ ಊರು, ರೈಲಿನಲ್ಲಿ ಒಂದು ಹಗಲಿನ ದಾರಿ. ಭಾಷೆಯೂ ಬೇರೆ, ಅದಕ್ಕೇ ಇಂಗ್ಲಿಷು. ಮದುವೆಯಾಗಿಲ್ಲ. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದಾನೆ. ಇವಳು ಇಲ್ಲವೆಂದಿದ್ದಾಳೆ.

"ಯಾಕೆ ಇಲ್ಲ ಅಂದೆ?"

"ನನಗೇ ಇಷ್ಟ ಇಲ್ಲ."

"ಇಷ್ಟ ಇಲ್ದೋರ ಜೊತೆ ಯಾರೂ ಹಾಗೆ ನಗಲ್ಲ ಕಣೇ. ನಾನು ಒಡೆದುಹೋಗ್ತೀನಿ ಅಂತ ತಾನೆ? ನಾನೇನು ಗಾಜಿನ ಲೋಟಾನಾ?"

ಆಗ ಅವಳು ತಲೆ ಎತ್ತಿದಳು. ಐದು ವರ್ಷದಲ್ಲಿ ನನಗೆ ಎದುರು ಮಾತಾಡದ ಹುಡುಗಿ. "ಅವರು ಹೋದ ಮೇಲೆ ನೀವು ಒಂದು ಸಲಾನೂ ಅತ್ತಿಲ್ಲ ಅತ್ತೆ. ಅವರ ಹೆಸರು ಬಾಯಲ್ಲಿ ಬರಲ್ಲ. ನಾನು ಎತ್ತಿದ್ರೆ ಎದ್ದು ಕಾರು ಒರೆಸೋಕೆ ಹೋಗ್ತೀರಿ. ಅವರ ರೂಮಿಗೆ ಬೀಗ. ಆಸ್ಪತ್ರೆಯಿಂದ ಬಂದ ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಪಾಠಕ್ಕೆ ಹೋದ್ರಿ! ಇಷ್ಟೆಲ್ಲ ಒಳಗಿಟ್ಟುಕೊಂಡಿರೋ ನಿಮ್ಮನ್ನ ಒಬ್ಬರನ್ನೇ ಬಿಟ್ಟು ನಾನು ಹೇಗೆ ಹೋಗ್ಲಿ?"

ನಾನು ಎದ್ದೆ, ಕಾರು ಒರೆಸಲು ಹೋದೆ. ಅರ್ಧ ಒರೆಸಿದ ಮೇಲೆ ಅರಿವಾಯಿತು, ಬಟ್ಟೆಯನ್ನು ಬಾನೆಟ್ಟಿನ ಮೇಲೆಯೇ ಬಿಟ್ಟು ಒಳಗೆ ಬಂದೆ.

"ಅವನನ್ನ ಇಲ್ಲಿಗೆ ಬರೋಕೆ ಹೇಳು," ಎಂದೆ.

"ಯಾಕೆ?"

"ಮದುವೆಗಲ್ಲ. ನೋಡೋಕೆ. ನೋಡೋಕೇನೂ ಕಷ್ಟ ಇಲ್ವಲ್ಲ? ಅವನಿಗೆ ಕಾರು ಬರುತ್ತಾ?"

"ಇಲ್ಲ. ಬಸ್ಸಲ್ಲಿ ಓಡಾಡ್ತಾರೆ."

"ಒಳ್ಳೇದಾಯ್ತು," ಎಂದೆ.

ಏಪ್ರಿಲ್ 7, ಭಾನುವಾರ

ಬಂದಿದ್ದ.

ಮನುಷ್ಯನ ಗುಣ ತಿಳಿಯಲು ಜನ ಮನೆತನ ವಿಚಾರಿಸುತ್ತಾರೆ, ಸಂಬಳ ವಿಚಾರಿಸುತ್ತಾರೆ. ನನ್ನನ್ನು ಕೇಳಿದರೆ ಸ್ಟೀರಿಂಗ್ ಕೊಟ್ಟು ಕೂರಿಸಿ. ಮೂರು ತಿರುವಿನಲ್ಲಿ ಬಂಡವಾಳ ಬಯಲಾಗುತ್ತದೆ. ತಾನು ತಪ್ಪು ಮಾಡಿ ಮುಂದಿನವನನ್ನು ಬೈಯುವವರುಂಟು, ಗೇರ್ ಬೀಳದಿದ್ದರೆ ಕಾರಿಗೇ ಹೊಡೆಯುವವರುಂಟು. 'ಹೆಂಗಸರಿಗೆ ಮಾತ್ರ' ಬೋರ್ಡಿನ ಮೇಲೆ ಪೇಪರು ಅಂಟಿಸಿ, ಅವನನ್ನು ಕೂರಿಸಿಕೊಂಡು ಆಟದ ಮೈದಾನದ ಹಿಂದಿನ ಬಯಲಿಗೆ ಕರೆದೊಯ್ದೆ. ಸೊಸೆ ಬರುತ್ತೇನೆಂದಳು, ಬೇಡವೆಂದೆ.

ಆಳು ವಿಪರೀತ ಉದ್ದ. ಸೀಟು ಎಷ್ಟು ಹಿಂದೆ ತಳ್ಳಿದರೂ ಮೊಣಕಾಲು ಸ್ಟೀರಿಂಗಿಗೆ ತಗಲುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಸ್ಕ್ರೂ ತಿರುಗಿಸುವ ಬೆರಳಂತೆ, ಕ್ಲಚ್ಚು ಬಿಡಲು ಮಾತ್ರ ಬರಲಿಲ್ಲ. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಕುಪ್ಪಳಿಸಿತು.

ಇದೇ ಸಮಯವೆಂದು ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. "ನಿಮ್ಮ ಇಂಟೆನ್ಷನ್ಸ್ ಏನು?" ಟೀಚರಮ್ಮನ ಹತ್ತಿರ ಹೇಳಿ ಹೇಳಿ ಪಳಗಿಸಿಕೊಂಡ ಪ್ರಶ್ನೆ.

ಅವನು ಮುಂದಿನ ದೀಪದ ಕಂಬವನ್ನೇ ನೋಡುತ್ತಾ, "ಸದ್ಯಕ್ಕೆ ಆ ಕಂಬಕ್ಕೆ ಗುದ್ದದೆ ಇರೋದು, ಮೇಡಂ," ಎಂದ.

ನಗು ಬಂತು. ತಡೆದುಕೊಂಡೆ. ಮೊದಲ ದಿನವೇ ಸಲುಗೆ ಕೊಡಬಾರದು.

ಅಷ್ಟರಲ್ಲಿ ಒಂದು ಬೀದಿನಾಯಿ ಅಡ್ಡ ಬಂತು. ನನ್ನ ಕಡೆಯೂ ಒಂದು ಬ್ರೇಕಿದೆ, ಕಾಲು ಅದರ ಮೇಲೇ ಇತ್ತು, ಒತ್ತಬೇಕಾಗಲಿಲ್ಲ. ಅವನೇ ನಿಲ್ಲಿಸಿದ. ಕಿಟಕಿಯಿಂದ ತಲೆ ಹಾಕಿ ತನ್ನ ಭಾಷೆಯಲ್ಲಿ ನಾಯಿಗೆ ಏನೋ ಹೇಳಿದ. ಏನಂದಿರಿ ಎಂದು ಕೇಳಿದೆ. "ಕ್ಷಮಿಸಪ್ಪಾ ಅಂದೆ. ಇದು ಅದರ ಜಾಗ, ಹೊಸಬ ನಾನು." ನಾಯಿಯ ಜೊತೆ ಅಷ್ಟು ಮರ್ಯಾದೆಯಿಂದ ಮಾತಾಡಿದ ಕಲಿಕೆಯವರನ್ನು ನಾನು ನೋಡಿಲ್ಲ.

ಕಾರು ಆಫ್ ಮಾಡಿಸಿದೆ. ಆಗ ಅವನು ಕೇಳಿದ, ನಿಧಾನವಾಗಿ, ನನಗೆ ಅರ್ಥವಾಗುವಂಥ ಇಂಗ್ಲಿಷಿನಲ್ಲಿ: "ನಿಮ್ಮ ಮಗನ ಬಗ್ಗೆ ಅವಳು ತುಂಬ ಹೇಳ್ತಾಳೆ. ನಿಮ್ಮ ಬಾಯಿಂದ ಕೇಳೋ ಆಸೆ. ಹೇಗಿದ್ರು ಅವರು?"

ಮಗ ಹೋದಾಗಿನಿಂದ ಜನ ಬಂದರು. ಏನಾಗಿತ್ತು, ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ, ಮೊದಲೇ ಗೊತ್ತಾಗಲಿಲ್ಲವೇ ಎಂದೆಲ್ಲ ಕೇಳಿದರು. ಹೇಗಿದ್ದ ಎಂದು ಒಬ್ಬರೂ ಕೇಳಿರಲಿಲ್ಲ.

ಇಷ್ಟು ದಿನ ಕಲಿತ ದೊಡ್ಡ ಪದಗಳಲ್ಲಿ ಒಂದಾದರೂ ನೆರವಿಗೆ ಬರಬೇಕಲ್ಲ! ಒಂದೂ ಬರಲಿಲ್ಲ. ಸಣ್ಣ ಪದಗಳಲ್ಲೇ ಹೇಳಿದೆ. ತಮಾಷೆಯವನಾಗಿದ್ದ. ಹಾಡುತ್ತಿದ್ದ, ಕೆಟ್ಟದಾಗಿ, ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವಷ್ಟು. ಚಪ್ಪಲಿ ಎಲ್ಲಿ ಬಿಟ್ಟೆನೆಂದು ದಿನಾ ಹುಡುಕುತ್ತಿದ್ದ. ಕಾರು ಮಾತ್ರ ಬೆಣ್ಣೆಯ ಹಾಗೆ ಓಡಿಸುತ್ತಿದ್ದ, ನನಗಿಂತ ಚೆನ್ನಾಗಿ, ಅದನ್ನು ಅವನೆದುರು ನಾನೆಂದೂ ಒಪ್ಪಿಕೊಳ್ಳಲಿಲ್ಲ. ತಲೆಯೊಳಗೆ ನರ ಒಡೆದ ದಿನ ಬೆಳಿಗ್ಗೆಯೂ ಹಾಡುತ್ತಿದ್ದ, ನಾನು ಬಾಯಿ ಮುಚ್ಚೋ ಎಂದಿದ್ದೆ.

ಎಷ್ಟು ಹೊತ್ತು ಹೇಳಿದೆನೋ. ಎಲ್ಲವನ್ನೂ ಭೂತಕಾಲದಲ್ಲಿ ಸರಿಯಾಗಿ ಹೇಳಿದೆ, ಒಂದು ತಪ್ಪೂ ಆಗಲಿಲ್ಲ. ಟೀಚರಮ್ಮ ಕೇಳಿದ್ದರೆ ಸಂತೋಷಪಡುತ್ತಿದ್ದರು.

ಊಟಕ್ಕೆ ಮೂವರೂ ಕೂತೆವು. ಊಟದ ಮಧ್ಯೆ ನನ್ನ ಕಣ್ಣಿನಿಂದ ನೀರು ಸುರಿಯತೊಡಗಿತು, ನಿಲ್ಲಲೇ ಇಲ್ಲ. ಸೊಸೆ ನೀರಿನ ಲೋಟ ತಂದಳು.

"ಖಾರ," ಎಂದೆ.

"ಇವರಿಗೆ ಆಗಲ್ಲ ಅಂತ ನಾನು ಖಾರಾನೇ ಹಾಕಿಲ್ಲ ಅತ್ತೆ," ಎಂದಳು. ಎಂದವಳೇ ನನ್ನ ಪಕ್ಕ ಬಂದು ಕೂತು ಅವಳೂ ಶುರುಮಾಡಿದಳು. ಆ ಉದ್ದಣ್ಣ ಪಾಪ, ಎಲ್ಲಿ ನೋಡಬೇಕೋ ತಿಳಿಯದೆ ತಟ್ಟೆಗೆ ಇನ್ನಷ್ಟು ಬಡಿಸಿಕೊಂಡ.

ಏಪ್ರಿಲ್ 8, ಸೋಮವಾರ

ಎದ್ದಾಗ ಬಿಸಿಲು ಬಂದಿತ್ತು. ಏಳು ಗಂಟೆಯ ಪಾಠ ತಪ್ಪಿಹೋಯಿತು. ಹಾಗೆ ನಿದ್ದೆ ಬರುವುದೆಂದರೇನು! ಟೀಚರಮ್ಮ ಗೇಟಿನ ಹತ್ತಿರ ಕಾದೂ ಕಾದೂ ಹೋದರಂತೆ. ಎಬ್ಬಿಸಬೇಡಿ ಎಂದವಳು ಸೊಸೆ. ಚೆನ್ನಾಗಿ ಬೈದೆ.

ಏಪ್ರಿಲ್ 21, ಭಾನುವಾರ

ಕೋಣೆಯ ಬೀಗ ತೆಗೆದೆವು. ಧೂಳು ಕೂರಬಾರದೆಂದು ಮುಚ್ಚಿದ ಕೋಣೆಯಲ್ಲಿ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೆಳಗಿನಿಂದ ಗುಡಿಸಿದೆವು. ಮಂಚದ ಕೆಳಗೆ ಅವನು ಹುಡುಕಿ ಹುಡುಕಿ ಬಿಟ್ಟಿದ್ದ ಚಪ್ಪಲಿಯೊಂದು ಸಿಕ್ಕಿತು. ಸೊಸೆ ಅದನ್ನು ಎತ್ತಿ ಹಿಡಿದು, "ಅತ್ತೆ, ಇದಕ್ಕೆ ನನ್ನನ್ನ ಒಂದು ವಾರ ಬೈದಿದ್ರು!" ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಶರ್ಟುಗಳನ್ನು ಬೇಕಾದವರಿಗೆ ಕೊಡಲು ಗಂಟು ಕಟ್ಟಿದೆವು. ನೀಲಿಯದೊಂದನ್ನು ಇಟ್ಟುಕೊಂಡೆ, ಕಾರು ಒರೆಸಲು ಎಂದು ಹೇಳಿದೆ. ಒರೆಸುವುದಿಲ್ಲ.

ಬಿರೀವ್ಡ್: ಹತ್ತಿರದವರನ್ನು ಸಾವಿನಲ್ಲಿ ಕಳೆದುಕೊಂಡ. ಪುಸ್ತಕದ ವಾಕ್ಯ ನೋಡಲಿಲ್ಲ. ನನ್ನದು: ಈ ಮನೆಯಲ್ಲಿ ಇಬ್ಬರು ಬಿರೀವ್ಡ್ ಹೆಂಗಸರಿದ್ದಾರೆ, ಅವರಲ್ಲಿ ಒಬ್ಬಳಿಗೆ ಇನ್ನೂ ಮೂವತ್ತೊಂದು.

ಗುಡಿಸಿ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿದೆ. "ಆ ಉದ್ದಣ್ಣನಿಗೆ ಹೂಂ ಅನ್ನು."

"ಮತ್ತೆ ನೀವು?"

"ನಾನು ಅಳ್ತೀನಿ. ಬೇಕಾದಾಗ. ಕಲಿತಾಯ್ತಲ್ಲ."

"ನಮ್ಮ ಜೊತೆ ಬಂದುಬಿಡಿ ಅತ್ತೆ."

"ಬಂದು ಅಲ್ಲೇನು ಮಾಡ್ಲಿ, ನಿಮ್ಮಿಬ್ಬರ ಮಧ್ಯೆ ಹಿಂದಿನ ಸೀಟಲ್ಲಿ ಕೂತಿರ್ಲಾ? ಇಲ್ಲಿ ಟೀಚರಮ್ಮನಿಗೆ ಇನ್ನೂ ರಿವರ್ಸ್ ಬಂದಿಲ್ಲ. ಆ ಹೆಂಗಸನ್ನ ರಸ್ತೆಗೆ ಬಿಟ್ಟು ನಾನೆಲ್ಲಿಗೆ ಬರ್ಲಿ?"

ಅವಳು ಸಂಜೆ ಬಾಲ್ಕನಿಗೆ ಹೋದಳು. ನಾನು ಅಡುಗೆಮನೆಯ ಕಿಟಕಿ ಮುಚ್ಚಿ, ಮಿಕ್ಸಿ ಹಾಕಿಕೊಂಡೆ.

ಏಪ್ರಿಲ್ 26, ಶುಕ್ರವಾರ

ಅಕ್ಕನ ಫೋನು. ಸುದ್ದಿ ಹೇಗೆ ತಲುಪಿತೋ!

"ಸೊಸೇನ ನೀನೇ ಕೈ ಹಿಡಿದು ಕಳಿಸ್ತಿದ್ದೀಯಂತೆ? ತಲೆ ಸರಿಯಿದೆಯೇನೇ ನಿನಗೆ? ಇರೋ ಒಂದು ಆಸರೇನೂ ಕಳ್ಕೊಳ್ತೀಯಾ? ಜನ ಏನಂತಾರೆ?"

"ಜನ ಹಾರ್ನ್ ಹೊಡೀತಾನೇ ಇರ್ತಾರೆ ಅಕ್ಕಾ. ಅದಕ್ಕೆ ಹೆದರಿ ಗಾಡಿ ನಿಲ್ಲಿಸೋಕಾಗುತ್ತಾ?"

"ನಾಳೆ ನೀನು ಹಾಸಿಗೆ ಹಿಡಿದ್ರೆ ನೋಡೋರ್ಯಾರು?"

"ನೀನಿದ್ದೀಯಲ್ಲ."

ಅಕ್ಕ ಫೋನು ಇಟ್ಟುಬಿಟ್ಟಳು. ಅರ್ಧ ಗಂಟೆ ಬಿಟ್ಟು ಅವಳೇ ಮಾಡಿ, "ಹುಡುಗ ನೋಡೋಕೆ ಹೇಗಿದ್ದಾನೆ?" ಎಂದು ಕೇಳಿದಳು. ಉದ್ದ ಎಂದೆ.

ಮೇ 13, ಸೋಮವಾರ

ಹುಡುಗಿ ಅವನ ಊರಿಗೆ ಹೋಗಿದ್ದಾಳೆ, ಅಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕೆ ಸಂದರ್ಶನ. ಮನೆ ಶಾಂತವಾಗಿದೆ. ಈ ಶಾಂತಿ ನನಗೆ ಇಷ್ಟ.

ಇಷ್ಟವಿಲ್ಲ. ಸುಳ್ಳು ವಾಕ್ಯ.

ಮೇ 15, ಬುಧವಾರ

ಟೀಚರಮ್ಮ ಲೈಸೆನ್ಸ್ ಪರೀಕ್ಷೆ ಪಾಸಾದರು! ಸರ್ಕಲ್ಲಿನಲ್ಲಿ ಒಂದೇ ಸುತ್ತಿಗೆ ಹೊರಬಂದರು. ಪರೀಕ್ಷೆ ಮಾಡಿದವನಿಗಿಂತ ಹೆಚ್ಚು ಬೆವರಿದ್ದು ನಾನು. ಇಳಿದವರೇ ನನ್ನನ್ನು ತಬ್ಬಿಕೊಂಡರು. ಇನ್ನು ನಿಮ್ಮ ಪಾಠವಿಲ್ಲವಲ್ಲ ಎಂದರೆ, "ಯಾರು ಹೇಳಿದ್ದು? ಪುಸ್ತಕ ಇನ್ನೂ ಅರ್ಧ ಇದೆ. ಭಾನುವಾರ ನಾನೇ ಕಾರು ತಗೊಂಡು ನಿಮ್ಮನೆಗೆ ಬರ್ತೀನಿ," ಎಂದರು. ನಮ್ಮ ಗೇಟಿನ ಕಂಬಕ್ಕೆ ಈಗಲೇ ಏನಾದರೂ ಸುತ್ತಿಡಬೇಕು.

ಸಂಜೆ ಫೋನು ಬಂತು, ಅವಳಿಗೆ ಕೆಲಸ ಸಿಕ್ಕಿದೆ. ಹಿಂದಿನಿಂದ ಉದ್ದಣ್ಣ ನಮ್ಮ ಮಾತಿನಲ್ಲಿ ಕೂಗಿದ: "ಅತ್ತೆ, ಊಟ ಆಯ್ತಾ?" ಯಾರು ಕಲಿಸಿದರೋ. ಮಧ್ಯಾಹ್ನ ಮೂರು ಗಂಟೆಗೂ, ರಾತ್ರಿ ಹತ್ತಕ್ಕೂ ಅದೇ ವಾಕ್ಯ ಹೇಳುತ್ತಾನಂತೆ. ಇರಲಿ, ಒಂದೊಂದಾಗಿ ಬರುತ್ತದೆ. ನಿನ್ನದೇ ವಾಕ್ಯ ಮಾಡು ಎಂದು ಹೇಳಬೇಕು.

ಜೂನ್ 6, ಗುರುವಾರ

ರಿಜಿಸ್ಟ್ರಾರ್ ಆಫೀಸಿಗೆ ನಾನೇ ಕಾರು ಓಡಿಸಿಕೊಂಡು ಹೋದೆ. ಹಿಂದೆ ಅವರಿಬ್ಬರು, ಪಕ್ಕದಲ್ಲಿ ಟೀಚರಮ್ಮ. ದಾರಿಯುದ್ದಕ್ಕೂ ಎಲ್ಲ ಸಿಗ್ನಲ್ಲೂ ಹಸಿರು. ಆ ಕಡೆಯಿಂದ ಅವನ ತಮ್ಮ ಮತ್ತು ತಾಯಿ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಆ ತಾಯಿಯೂ ಉದ್ದ. ನಮಗಿಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಒಳಗಿದ್ದ ಗುಮಾಸ್ತ ತಲೆ ಎತ್ತದೆ ಬರೆಯುವವನು. ಗೋಡೆಯ ಫ್ಯಾನು ಕಾಗದ ಹಾರಿಸುತ್ತಿತ್ತು, ಅವನು ಒಂದೊಂದರ ಮೇಲೂ ಒಂದೊಂದು ವಸ್ತು ಇಟ್ಟಿದ್ದ, ಸ್ಟೇಪ್ಲರು, ಬೀಗ, ತನ್ನ ಕನ್ನಡಕದ ಡಬ್ಬಿ. ಹುಡುಗ ಹುಡುಗಿ ಸಹಿ ಹಾಕಿದರು.

"ಸಾಕ್ಷಿ?" ಎಂದ ಗುಮಾಸ್ತ.

ನಾನು ಮುಂದೆ ಹೋದೆ.

"ಯಾರ ಕಡೆಯವರು?"

"ಹುಡುಗಿ ಕಡೆ."

"ಏನಾಗ್ಬೇಕು?"

"ಅತ್ತೆ."

ಪೆನ್ನು ನಿಂತಿತು. "ಅಂದ್ರೆ ಸೋದರತ್ತೆಯಾ?"

"ಅಲ್ಲ. ಗಂಡನ ತಾಯಿ."

ಆಗ ಅವನು ತಲೆ ಎತ್ತಿದ. ನನ್ನನ್ನು ನೋಡಿದ, ಉದ್ದಣ್ಣನನ್ನು ನೋಡಿದ, ಬಾಗಿಲ ಬಳಿ ನಿಂತಿದ್ದ ಉದ್ದನೆಯ ತಾಯಿಯನ್ನು ನೋಡಿದ. "ಹುಡುಗನ ತಾಯಿ ಅವರಲ್ವಾ? ನೀವು ಹೇಗೆ ಅತ್ತೆ ಆಗ್ತೀರಿ?"

ಸೊಸೆ ನನ್ನ ತೋಳು ಹಿಡಿದಳು, ಏನೋ ಹೇಳಲು ಬಾಯಿ ತೆರೆದಳು. ಬೇಡವೆಂದು ತಲೆಯಾಡಿಸಿದೆ.

"ನನ್ನ ಮಗ ತೀರಿಕೊಂಡ," ಎಂದೆ. "ಇವಳು ನನ್ನ ಸೊಸೆ. ಇವತ್ತು ಇವಳ ಮದುವೆ, ಮಾಡಿಸ್ತಿರೋಳು ನಾನು. ಎಲ್ಲಿ ಸಹಿ ಹಾಕ್ಬೇಕು ತೋರಿಸಿ."

ಗುಮಾಸ್ತ ಎದ್ದು ನಿಂತು, ಕಾಗದವನ್ನು ನನ್ನ ಕಡೆಗೆ ತಿರುಗಿಸಿ, ಜಾಗ ತೋರಿಸಿ, ತನ್ನ ಪೆನ್ನು ಕೊಟ್ಟ. ಅದರಲ್ಲಿ ಇಂಕು ಬರುತ್ತಿರಲಿಲ್ಲ. ಬೇರೆಯದು ಕೇಳಿ ತೆಗೆದುಕೊಂಡು ಸಹಿ ಹಾಕಿದೆ.